ಗಂಡನ ವೀಸಾಗೆ ನಾನು ಮೊದಲೇ ಅಮೆರಿಕಕ್ಕೆ ಹೋಗಿರಬೇಕಾ?

"ಅಕ್ಕಾ, ನಾನು ಅಮೆರಿಕದ ಸಿಟಿಜನ್. ನಮ್ಮ ಮನೆಯವರದು ಇಂಡಿಯನ್ ಪಾಸ್‌ಪೋರ್ಟ್. ಇಬ್ಬರೂ ದುಬೈನಲ್ಲಿದ್ದೀವಿ. ಇವರ ಗ್ರೀನ್ ಕಾರ್ಡ್‌ಗೆ ನಾನು ಮೊದಲು ವಾಪಸ್ ಹೋಗಿ, ಕೆಲಸ ಹಿಡಿದು, ಅಲ್ಲಿಂದ ಅರ್ಜಿ ಹಾಕಬೇಕಾ?"

ಊರು ಬೇರೆ ಇರಬಹುದು, ಗಂಡನ ಬದಲು ಹೆಂಡತಿ ಇರಬಹುದು. ಆದರೆ ನನಗೆ ಬರುವ ಪ್ರಶ್ನೆ ಮಾತ್ರ ಇದೇ.

ಬೇಡ. ಇಬ್ಬರೂ ಒಂದೇ ಮನೆಯಲ್ಲಿ ಇದ್ದುಕೊಂಡೇ ಎಲ್ಲ ಪೇಪರ್ ಕೆಲಸ ಮುಗಿಸಬಹುದು. ನಾವು ದುಬೈನಲ್ಲಿದ್ದಾಗ ಹಾಗೇ ಮಾಡಿದೆವು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. "ಸಿಟಿಜನ್ ಅಮೆರಿಕದಲ್ಲೇ ಇದ್ದರೆ ಫೈಲ್ ಬೇಗ ಓಡುತ್ತೆ" ಎಂದು ಯಾರೋ ಹೇಳಿದ್ದನ್ನು ನಂಬಿ, ಒಬ್ಬರು ಅಲ್ಲಿ ಒಬ್ಬರು ಇಲ್ಲಿ ಉಳಿದ ಜೋಡಿಗಳು ನನಗೆ ಗೊತ್ತು. ಚಿಕ್ಕ ಮಕ್ಕಳಿರುವ ಮನೆಗಳಲ್ಲೂ ಹೀಗಾಗಿದೆ. ಈ ಕೆಲಸ ವರ್ಷ ದಾಟುವುದು ಮಾಮೂಲಿ. ಅಷ್ಟು ದಿನ ಸುಮ್ನೆ ದೂರ ಇರುವುದು ಸಣ್ಣ ಮಾತಲ್ಲ. ನೀವು ಯಾವ ದೇಶದಲ್ಲಿ ಕೂತು ಅರ್ಜಿ ಹಾಕಿದಿರಿ ಎಂದು ನೋಡಿ ಸರದಿ ಮುಂದೆ ಹೋಗುವುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಉತ್ತರ ಅಮೆರಿಕದ ಸಿಟಿಜನ್‌ಗಳಿಗೆ ಮಾತ್ರ. ನಿಮ್ಮ ಹತ್ತಿರ ಇರುವುದು ಗ್ರೀನ್ ಕಾರ್ಡ್ ಆದರೆ, ಬಹಳ ಕಾಲ ಹೊರಗಿದ್ದರೆ ನಿಮ್ಮ ಕಾರ್ಡಿಗೇ ಕುತ್ತು ಬರಬಹುದು. ಕೆನಡಾದವರೂ ನನ್ನನ್ನು ಕೇಳುತ್ತಾರೆ. ಅಲ್ಲಿ ಸಿಟಿಜನ್ ಹೊರಗಿದ್ದುಕೊಂಡು ಸ್ಪಾನ್ಸರ್ ಮಾಡಬಹುದು, ವಾಪಸ್ ಬರುವ ಯೋಜನೆ ತೋರಿಸಬೇಕು. ಪಿ.ಆರ್., ಅಂದರೆ ಅಲ್ಲಿಯ ಖಾಯಂ ವಾಸದ ಪರವಾನಗಿ ಮಾತ್ರ ಇರುವವರು ಹೊರಗಿನಿಂದ ಮಾಡಲಾಗದು.

ಇನ್ನು ಅಮೆರಿಕದ ದಾರಿ. ಮೊದಲು ಐ-130, ಅಂದರೆ ಇವರು ನನ್ನ ಗಂಡ ಅಥವಾ ಹೆಂಡತಿ ಎಂದು ಸಿಟಿಜನ್ ಅಮೆರಿಕದ ವಲಸೆ ಇಲಾಖೆಗೆ ಹಾಕುವ ಅರ್ಜಿ. ಆನ್‌ಲೈನ್‌ನಲ್ಲಿ ಹಾಕಿದರೆ 2024ರ ಏಪ್ರಿಲ್‌ನಿಂದ ಶುಲ್ಕ 625 ಡಾಲರ್, ಪೇಪರ್‌ನಲ್ಲಿ ಆದರೆ 675. ಗಂಡ ಅಥವಾ ಹೆಂಡತಿಯ ವಿವರಕ್ಕೆ ಐ-130ಎ ಕೂಡ ಬೇಕು. ಅದು ಒಪ್ಪಿಗೆಯಾದ ಮೇಲೆ ಫೈಲ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ 325 ಮತ್ತು 120 ಡಾಲರ್ ಕಟ್ಟಿ, ಡಿಎಸ್-260 ಎಂಬ ಆನ್‌ಲೈನ್ ವೀಸಾ ಫಾರ್ಮ್ ತುಂಬಿ, ದಾಖಲೆಗಳ ಸ್ಕ್ಯಾನ್ ಹಾಕಬೇಕು. ಕೊನೆಗೆ ಮೆಡಿಕಲ್, ಇಂಟರ್‌ವ್ಯೂ. ಯು.ಎ.ಇ.ಯಲ್ಲಿ ರೆಸಿಡೆನ್ಸ್ ಇರುವವರಿಗೆ ಇಂಟರ್‌ವ್ಯೂ ಅಬುಧಾಬಿಯಲ್ಲೇ ಆಗಬಹುದು. ಮಧ್ಯದಲ್ಲಿ ಊರಿಗೆ ವಾಪಸಾದರೆ ಮುಂಬೈ. ಕಂಪನಿ ದಿಢೀರನೆ ವರ್ಗ ಮಾಡಿದಂಥ ಕೆಲವು ತುರ್ತು ಸಂದರ್ಭಗಳಲ್ಲಿ ರಾಯಭಾರ ಕಚೇರಿಯೇ ಐ-130 ತೆಗೆದುಕೊಳ್ಳುವುದೂ ಉಂಟು. ಅದು ಅಪರೂಪ, ಅದನ್ನೇ ನಂಬಿ ಕೂರಬೇಡಿ.

ಹೊರಗಿರುವವರಿಗೆ ನಿಜವಾಗಿ ತಲೆನೋವು ಕೊಡುವುದು ಐ-864. ಬರುವವರ ಖರ್ಚಿನ ಹೊಣೆ ನನ್ನದು ಎಂದು ಸಿಟಿಜನ್ ಬರೆದುಕೊಡುವ ಪತ್ರ ಅದು. "ವಾಪಸ್ ಹೋಗಿರಬೇಕು" ಎನ್ನುವ ಗಾಳಿಮಾತು ಹುಟ್ಟುವುದೂ ಇಲ್ಲಿಂದಲೇ. ಸ್ಪಾನ್ಸರ್‌ಗೆ ಅಮೆರಿಕದಲ್ಲಿ ಡೊಮಿಸೈಲ್, ಅಂದರೆ ಖಾಯಂ ನೆಲೆ, ಇರಬೇಕು ಎಂದು ನಿಯಮ ಹೇಳುತ್ತದೆ. ಆದರೆ ಹೊರಗಿರುವವರು ಅಲ್ಲಿಗೆ ಮರಳಿ ನೆಲೆಸಲಿದ್ದೇವೆ ಎಂದು ತೋರಿಸಿದರೆ ಸಾಕು. ಗಂಡ ಅಮೆರಿಕಕ್ಕೆ ಕಾಲಿಡುವ ದಿನಕ್ಕೆ ಹೆಂಡತಿಯೂ ಅಲ್ಲಿರಬೇಕು, ಅಷ್ಟೇ. ಇಬ್ಬರೂ ಒಂದೇ ವಿಮಾನದಲ್ಲಿ ಹೋಗಿ ಇಳಿಯಬಹುದು.

ತೋರಿಸುವುದು ಹೇಗೆ? ಬಾಯಿಮಾತು ಸಾಲದು. ಅಲ್ಲಿಯ ಬ್ಯಾಂಕ್ ಖಾತೆ, ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್, ಮತದಾರರ ನೋಂದಣಿ, ಕೆಲಸ ಹುಡುಕುತ್ತಿರುವ ಇ-ಮೇಲ್‌ಗಳು, ಮಗುವಿನ ಸ್ಕೂಲ್ ವಿಚಾರಣೆ, ಅಣ್ಣನ ಮನೆಯಲ್ಲಿ ಇಳಿದುಕೊಳ್ಳುವುದಾದರೆ ಅಣ್ಣನ ಪತ್ರ, ಸಾಮಾನು ಸಾಗಿಸಲು ಕೇಳಿ ತರಿಸಿದ ಕೊಟೇಶನ್. ಒಂದೊಂದೇ ನೋಡಿದರೆ ಚಿಕ್ಕವು. ಒಟ್ಟಿಗೆ ಇಟ್ಟರೆ ನೀವು ಹೊರಟಿದ್ದೀರಿ ಎಂದು ಆಫೀಸರ್‌ಗೆ ಕಾಣುತ್ತದೆ. ಇವನ್ನು ಇಂಟರ್‌ವ್ಯೂ ಹತ್ತಿರ ಬಂದಾಗ ಒಂದೇ ವಾರದಲ್ಲಿ ಹುಟ್ಟಿಸುವ ಬದಲು ಐ-130 ಹಾಕಿದ ದಿನದಿಂದಲೇ ಕೂಡಿಸುತ್ತಾ ಬನ್ನಿ.

ಆದಾಯದ ಮಾತು. ದುಬೈ ಸಂಬಳ ಎಷ್ಟೇ ಚೆನ್ನಾಗಿರಲಿ, ಅಮೆರಿಕಕ್ಕೆ ಹೋದ ಮೇಲೂ ಅದೇ ಕೆಲಸದಿಂದ ಬರುತ್ತದೆ ಎಂದು ತೋರಿಸಲು ಆಗದಿದ್ದರೆ ಲೆಕ್ಕಕ್ಕಿಲ್ಲ. ಅಮೆರಿಕದ ಬಡತನ ರೇಖೆಯ ಶೇಕಡ 125ರಷ್ಟು ಆದಾಯ ಬೇಕು. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ ಅದು ವರ್ಷಕ್ಕೆ ಸುಮಾರು 26,437 ಡಾಲರ್. ಕಡಿಮೆ ಬಿದ್ದರೆ ಆಸ್ತಿ ತೋರಿಸಬಹುದು. ಸಿಟಿಜನ್‌ನ ಗಂಡ ಅಥವಾ ಹೆಂಡತಿಯ ಅರ್ಜಿಯಲ್ಲಿ, ಕಡಿಮೆ ಬಿದ್ದ ಮೊತ್ತದ ಮೂರು ಪಟ್ಟು. ಒಂದು ವರ್ಷದೊಳಗೆ ನಗದು ಮಾಡಿಕೊಳ್ಳುವಂತಿರಬೇಕು. ಬ್ಯಾಂಕಿನ ದುಡ್ಡನ್ನು ತೋರಿಸುವುದು ಸುಲಭ, ಊರಿನ ಸೈಟನ್ನು ತೋರಿಸುವುದು ಕಷ್ಟ. ಅದೂ ಆಗದಿದ್ದರೆ ಅಮೆರಿಕದಲ್ಲಿ ನೆಲೆಸಿ ಸಾಕಷ್ಟು ಆದಾಯವಿರುವ ಸಿಟಿಜನ್ ಅಥವಾ ಗ್ರೀನ್ ಕಾರ್ಡ್‌ನವರು ಯಾರಾದರೂ ಜಾಯಿಂಟ್ ಸ್ಪಾನ್ಸರ್, ಅಂದರೆ ನಿಮ್ಮ ಜೊತೆ ಹೊಣೆ ಹೊರುವವರು, ಆಗಬಹುದು.

ಹಾಗೆ ಯಾರನ್ನಾದರೂ ಕೇಳುವಾಗ ಪೂರ್ತಿ ವಿಷಯ ಹೇಳಿ ಕೇಳಿ, ದಯವಿಟ್ಟು. "ಒಂದು ಸೈನ್ ಹಾಕಿ ಭಾವ, ಬರೀ ಫಾರ್ಮಾಲಿಟಿ" ಎಂದು ಕೇಳುವುದು ತಪ್ಪು. ಆ ಹೊಣೆ ಕಾನೂನಿನದು. ಬಂದವರು ಸಿಟಿಜನ್ ಆಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಅವರ ಖಾತೆಗೆ ಸೇರುವವರೆಗೆ ಅದು ಇರುತ್ತದೆ. ಗಂಡ ಹೆಂಡತಿ ಬೇರೆಯಾದರೂ ಹೊಣೆ ಕಳಚುವುದಿಲ್ಲ.

ಟ್ಯಾಕ್ಸ್ ರಿಟರ್ನ್ ಮರೆಯಬೇಡಿ. ದುಬೈನಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ ಎಂದುಕೊಂಡು ಅಮೆರಿಕಕ್ಕೂ ರಿಟರ್ನ್ ಹಾಕದೆ ಬಿಟ್ಟವರಿದ್ದಾರೆ. ಕಟ್ಟಬೇಕಾದ ಟ್ಯಾಕ್ಸ್ ಸೊನ್ನೆ ಬಂದರೂ, ಆದಾಯ ಮಿತಿ ದಾಟಿದ್ದರೆ ಸಿಟಿಜನ್ ರಿಟರ್ನ್ ಹಾಕಲೇಬೇಕು. ಐ-864ರ ಜೊತೆ ಅದನ್ನು ಕೇಳುತ್ತಾರೆ.

ಆದರೆ ನನ್ನನ್ನು ಕೇಳಿದರೆ, ಕೆಲಸ ಶುರು ಮಾಡಬೇಕಾದದ್ದು ಈ ಫಾರ್ಮ್‌ಗಳಿಂದ ಅಲ್ಲ, ಊರಿನ ಕಾಗದಗಳಿಂದ. ಅವು ಕೈಗೆ ಬರಲು ಹಿಡಿಯುವಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯುವುದಿಲ್ಲ.

ಜನನ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ನಾಮಕರಣಕ್ಕೆ ಮೊದಲೇ ಜನನ ನೋಂದಣಿ ಆಗಿಬಿಡುತ್ತದೆ. ಹಾಗಾಗಿ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಜಾಸ್ತಿ. ಹೆಸರು ಸೇರಿಸಲು ಅವಕಾಶವಿದೆಯೇ ಎಂದು ನೋಂದಣಿ ಆಗಿದ್ದ ಕಚೇರಿಯಲ್ಲಿ ವಿಚಾರಿಸಿ. ಮನೆಯಲ್ಲೇ ಹುಟ್ಟಿ, ನೋಂದಣಿಯೇ ಆಗದವರೂ ಇದ್ದಾರೆ. ಅವರು ದಾಖಲೆ ಲಭ್ಯವಿಲ್ಲ ಎಂಬ ಪತ್ರವನ್ನು ಅಧಿಕಾರಿಯಿಂದ ಪಡೆದು, ಅದರ ಜೊತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ತಂದೆ ತಾಯಿಯ ಅಥವಾ ಹಿರಿಯ ನೆಂಟರ ಅಫಿಡವಿಟ್ ಕೊಡಬಹುದು. ಊರಲ್ಲಿ ಓಡಾಡಲು ಒಬ್ಬರು ಬೇಕು. ಅಪ್ಪ ಅಮ್ಮನಿಗೆ ವಯಸ್ಸಾಗಿದ್ದರೆ ಚಿಕ್ಕಪ್ಪನ ಮಗನನ್ನೋ ಹಳೆಯ ಸ್ನೇಹಿತನನ್ನೋ ಕೇಳಿ. ಓಡಾಟದ ಖರ್ಚನ್ನು ಮೊದಲೇ ಕಳಿಸಿಬಿಡಿ.

ಆಮೇಲೆ ಹೆಸರು. ಇದು ನಮ್ಮ ಕಡೆಯವರನ್ನು ಕಾಡುವಷ್ಟು ಬೇರೆಯವರನ್ನು ಕಾಡಲಿಕ್ಕಿಲ್ಲ. ಮಂಜುನಾಥ ಎನ್ನುವವರೊಬ್ಬರು ಇದ್ದಾರೆ ಅಂದುಕೊಳ್ಳಿ. ಶಾಲೆಯಲ್ಲಿ ಮಂಜುನಾಥ ಎಸ್., ಪಾಸ್‌ಪೋರ್ಟಿನಲ್ಲಿ ಮಂಜುನಾಥ ಶಿವಣ್ಣ. ಒಂದು ಕಾಗದದಲ್ಲಿ ಇಂಗ್ಲಿಷ್ ಸ್ಪೆಲಿಂಗಿನ ಕೊನೆಗೊಂದು 'ಎ', ಇನ್ನೊಂದರಲ್ಲಿ ಇಲ್ಲ. ನಮಗೆ ಇದು ಒಬ್ಬರೇ ಎಂದು ಗೊತ್ತು, ದೂರದಲ್ಲಿ ಫೈಲ್ ನೋಡುವವರಿಗೆ ಗೊತ್ತಿಲ್ಲ. ಫಾರ್ಮಿನಲ್ಲಿ "ಬಳಸಿದ ಇತರ ಹೆಸರುಗಳು" ಎಂಬ ಜಾಗವಿದೆ. ಯಾವ ಕಾಗದದಲ್ಲಿ ಯಾವ ರೂಪವಿದೆಯೋ ಎಲ್ಲವನ್ನೂ ಅಲ್ಲಿ ಬರೆಯಿರಿ. ಇವೆಲ್ಲ ಒಬ್ಬರ ಹೆಸರೇ ಎಂದು ಅಫಿಡವಿಟ್ಟನ್ನೂ ಇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಜಾಗ ಖಾಲಿಯಿದ್ದರೆ ಅಮೆರಿಕದವರು ಆ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಹಾಕುತ್ತಾರೆ. ಆಮೇಲೆ ಅದೇ ಗ್ರೀನ್ ಕಾರ್ಡಿಗೂ ಬಂದು ಕೂರುತ್ತದೆ. ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳುವುದು ಒಳ್ಳೆಯದು.

ಮದುವೆಗೆ ಛತ್ರದ ಫೋಟೋ, ಲಗ್ನಪತ್ರಿಕೆ ಸಾಲವು. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಬೇಕು. ದುಬೈಗೆ ಫ್ಯಾಮಿಲಿ ವೀಸಾದಲ್ಲಿ ಬಂದವರ ಹತ್ತಿರ ಅಟೆಸ್ಟ್ ಮಾಡಿಸಿದ ಪ್ರತಿ ಇದ್ದೇ ಇರುತ್ತದೆ. ಅಮೆರಿಕಕ್ಕೆ ಆ ಅಟೆಸ್ಟೇಶನ್ ಬೇಡ, ಆದರೂ ಹಿಂಬದಿಯಲ್ಲಿ ಸೀಲ್ ಇರುವುದರಿಂದ ಎರಡೂ ಬದಿ ಸ್ಕ್ಯಾನ್ ಮಾಡಿ. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಚೆನ್ನಾಗಿ ಬಲ್ಲವರು ಮಾಡಿ, ಇದು ಸರಿಯಾಗಿದೆ ಎಂದು ಬರೆದು ಸಹಿ ಹಾಕಿದರೆ ಸಾಕು. ಗಂಡ ಹೆಂಡತಿಯೇ ಮಾಡದೆ ಹೊರಗಿನವರಿಂದ ಮಾಡಿಸಿ.

ಪೊಲೀಸ್ ಸರ್ಟಿಫಿಕೇಟ್ ಎರಡು ಕಡೆಯಿಂದ. ಭಾರತದ್ದನ್ನು ಕಾನ್ಸುಲೇಟ್ ಮೂಲಕ ಪಡೆಯಬಹುದು, ಯು.ಎ.ಇ.ಯದ್ದನ್ನು ಅಲ್ಲಿಯ ಪೊಲೀಸರಿಂದ. ಹದಿನಾರು ದಾಟಿದ ಮೇಲೆ ಬೇರೆ ಯಾವುದಾದರೂ ದೇಶದಲ್ಲಿ ವರ್ಷಕ್ಕಿಂತ ಹೆಚ್ಚು ಇದ್ದಿದ್ದರೆ ಅಲ್ಲಿಯದೂ ಬೇಕು. ಒಮ್ಮೆ ಗಲ್ಫ್ ಬಿಟ್ಟು ಊರು ಸೇರಿದ ಮೇಲೆ ಅಲ್ಲಿಯ ಕಾಗದ ತರಿಸುವುದು ಕಷ್ಟ. ಎಮಿರೇಟ್ಸ್ ಐಡಿ ಚಾಲ್ತಿಯಲ್ಲಿದ್ದಾಗಲೇ ಮುಗಿಸಿಕೊಳ್ಳಿ.

ನಿಜವಾದ ಮದುವೆ ಎಂದು ತೋರಿಸುವ ಪುರಾವೆಯ ವಿಷಯದಲ್ಲಿ ಒಟ್ಟಿಗೆ ಇರುವವರಿಗೇ ಅನುಕೂಲ. ಇಬ್ಬರ ಹೆಸರಿರುವ ಎಜಾರಿ (ದುಬೈನ ಬಾಡಿಗೆ ಕರಾರಿನ ನೋಂದಣಿ), ಒಬ್ಬರು ಇನ್ನೊಬ್ಬರನ್ನು ಸ್ಪಾನ್ಸರ್ ಮಾಡಿದ ರೆಸಿಡೆನ್ಸ್ ವೀಸಾ, ಒಂದೇ ಹೆಲ್ತ್ ಇನ್ಶೂರೆನ್ಸ್, ಜಾಯಿಂಟ್ ಅಕೌಂಟ್, ಊರಿಗೆ ಜೊತೆಗೆ ಹೋಗಿಬಂದ ಟಿಕೆಟ್. ಮದುವೆಮನೆಯ ನೂರಾರು ಫೋಟೋಗಿಂತ ಇವುಗಳ ತೂಕ ಜಾಸ್ತಿ ಎಂದು ನನ್ನ ಖಚಿತ ಅಭಿಪ್ರಾಯ. ವೀಸಾ ಬೇಗ ಆಗಲಿ ಎಂದು ದೂರವಾದವರು ಈ ಪುರಾವೆಯನ್ನೇ ಕಳೆದುಕೊಳ್ಳುತ್ತಾರೆ, ಅಲ್ವಾ?

ಕಡೆಯದಾಗಿ, ದುಬೈ ಮನೆ ಖಾಲಿ ಮಾಡುವಾಗ ಈ ಕಾಗದಗಳನ್ನು ಎಸೆಯಬೇಡಿ. ಅಮೆರಿಕಕ್ಕೆ ಇಳಿಯುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751, ಅಂದರೆ ಆ ಎರಡು ವರ್ಷದ ಷರತ್ತು ತೆಗೆಸುವ ಅರ್ಜಿ, ಹಾಕಬೇಕು. ಆಗ ಮತ್ತೆ ಮದುವೆಯ ಪುರಾವೆ ಕೇಳುತ್ತಾರೆ. ಒರಿಜಿನಲ್‌ಗಳನ್ನು ಒಂದೇ ಫೈಲಿನಲ್ಲಿಟ್ಟು, ಲಗೇಜಿಗೆ ಹಾಕದೆ ಕೈಚೀಲದಲ್ಲೇ ತನ್ನಿ.