ರಿವ್ಯೂವರ್ 2 ಬರೆದ ಒಂದೂವರೆ ಸಾಲು

ರಿಸರ್ಚ್ ಪೇಪರುಗಳ ಭಾಷೆ ತಿದ್ದಿ ಜರ್ನಲಿಗೆ ಕಳಿಸುವುದು ನಮ್ಮ ಆಫೀಸಿನ ಕೆಲಸ. ಆರ್ ಅಂಡ್ ಆರ್ ಫೈಲ್, ಅಂದರೆ ತಿದ್ದಿ ಮತ್ತೆ ಕಳಿಸಿ ಅಂತ ಜರ್ನಲ್ ವಾಪಸ್ ಮಾಡಿದ ಪೇಪರ್, ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಅದನ್ನು ಪರಿಶೀಲಿಸಿದ ರಿವ್ಯೂವರ್‌ಗಳ ಕಾಮೆಂಟುಗಳಿಗೆ ಬಣ್ಣ ಹಚ್ಚುವುದು. ಹಳದಿ ಅಂದರೆ ಭಾಷೆ. ಹಸಿರು ಅಂದರೆ ರೆಫರೆನ್ಸು, ಫಾರ್ಮ್ಯಾಟು. ನೀಲಿ ಅಂದರೆ ಆಥರ್ ನೋಡಿಕೊಳ್ಳಲಿ. ನೀಲಿ ಹಚ್ಚಿದ ಮೇಲೆ ಅದು ನಮ್ಮ ತಲೆನೋವಲ್ಲ. ಟಿಎಟಿ (ಫೈಲು ಮುಗಿಸಿ ಕೊಡುವ ಗಡುವು) ಉಳಿಯುತ್ತದೆ, ಕ್ಯೂಸಿ (ಗುಣಮಟ್ಟ ತಪಾಸಣೆ) ಸ್ಕೋರ್ ಕೆಡುವುದಿಲ್ಲ, ಪಿಎಂ (ಪ್ರಾಜೆಕ್ಟ್ ಮ್ಯಾನೇಜರ್) ಮುಖವೂ ಸರಿಯಿರುತ್ತದೆ. ಈ ಪದ್ಧತಿಯನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಅವರ ಕೈಗೆ ಇಸ್ಲಾಮಿಕ್ ಎಕನಾಮಿಕ್ಸ್ ಪೇಪರ್ ಬಂದಿರಲಿಕ್ಕಿಲ್ಲ.

ಫೈಲು ಕಳಿಸಿದ್ದು ಸೌದಿಯ ಒಂದು ಯೂನಿವರ್ಸಿಟಿಯಲ್ಲಿ ಫೈನಾನ್ಸ್ ಪಾಠ ಮಾಡುವ ಮೇಡಂ. ಊರು ನಮ್ಮ ಕರಾವಳಿ ಕಡೆ. ಮೊದಲ ಕಾಲ್‌ನಲ್ಲೇ "ಬೆಂಗಳೂರಿನವರಾ? ಹಾಗಾದ್ರೆ ಕನ್ನಡದಲ್ಲೇ ಮಾತಾಡುವ ಮಾರಾಯ್ರೆ" ಅಂದರು. ಪೇಪರಿನ ಪ್ರಶ್ನೆ ಸರಳವಾಗಿತ್ತು. 2020ರ ಮಾರ್ಚ್‌ನಲ್ಲಿ ಷೇರುಪೇಟೆ ಕುಸಿದಾಗ ಭಾರತದ ಶರಿಯಾ ಷೇರುಗಳು, ಅಂದರೆ ಇಸ್ಲಾಂ ನಿಯಮಕ್ಕೆ ಒಗ್ಗುವ ಕಂಪನಿಗಳ ಷೇರುಗಳು, ಉಳಿದವಕ್ಕಿಂತ ಕಡಿಮೆ ಬಿದ್ದವಾ? ಮಾರ್ಚ್ 23ರ ಒಂದೇ ದಿನ ಸೆನ್ಸೆಕ್ಸ್ 13 ಪರ್ಸೆಂಟಿಗಿಂತ ಜಾಸ್ತಿ ಇಳಿದಿತ್ತು, ನೆನಪಿದೆಯಲ್ವಾ? ಮೇಡಂ ಕಂಡುಕೊಂಡ ಉತ್ತರ: ಹೌದು, ಕಡಿಮೆ ಬಿದ್ದವು. ಕಾರಣವೂ ಒಪ್ಪುವಂಥದ್ದೇ. ಬಡ್ಡಿ ವ್ಯವಹಾರದ ಬ್ಯಾಂಕುಗಳು ಆ ಪಟ್ಟಿಗೆ ಬರುವುದಿಲ್ಲ. ಹೆಂಡ, ಜೂಜಿನ ಕಂಪನಿಗಳೂ ಬರುವುದಿಲ್ಲ. ತಲೆ ಮುಳುಗುವಷ್ಟು ಸಾಲ ಮಾಡಿಕೊಂಡ ಕಂಪನಿಗಳೂ ಹೊರಗೆ. ಕೊನೆಗೆ ಉಳಿಯುವುದು ಐಟಿ, ಔಷಧ, ಸೋಪು-ಶಾಂಪೂ ಮಾರುವವರು.

ಭಾರತದಲ್ಲಿ ಇಸ್ಲಾಮಿಕ್ ಬ್ಯಾಂಕ್ ಇಲ್ಲ. ಬಡ್ಡಿರಹಿತ ಬ್ಯಾಂಕಿಂಗ್ ಇರಲಿ ಅಂತ 2008ರಲ್ಲಿ ರಘುರಾಮ್ ರಾಜನ್ ಸಮಿತಿ ಹೇಳಿತ್ತು, 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಹಾಗಾಗಿ ಇಲ್ಲಿನ ಡೇಟಾ ಇಟ್ಟುಕೊಂಡು ಬರೆಯುವವರು ಷೇರು, ವಕ್ಫ್, ಬಡ್ಡಿ ಇಲ್ಲದ ಸೊಸೈಟಿ ಅಂತ ಹೋಗುತ್ತಾರೆ. ನನ್ನ ಟೇಬಲ್ಲಿಗೆ ಬಂದವೆಲ್ಲ ಅಂಥವೇ. ನಾನು ಬಿ.ಕಾಂ. ಓದಿದವನು. ಬ್ಯಾಲೆನ್ಸ್ ಶೀಟ್ ಗೊತ್ತು, ಶರಿಯಾ ಗೊತ್ತಿಲ್ಲ. ಬೆಂಗಳೂರಲ್ಲಿ 2019ರಲ್ಲಿ ಹಲಾಲ್ ಹೆಸರಲ್ಲಿ ಜನರ ದುಡ್ಡು ತೆಗೆದುಕೊಂಡಿದ್ದ ಐಎಂಎ ಕಂಪನಿ ಮುಳುಗಿ ಸಾವಿರಾರು ಜನ ಬೀದಿಗೆ ಬಂದದ್ದನ್ನು ನೋಡಿದ ಮೇಲೆ 'ಹಲಾಲ್ ಹೂಡಿಕೆ' ಅಂದರೆ ಡಬ್ಬಿ ಮೇಲೆ ಅಂಟಿಸುವ ಚೀಟಿ ಅನ್ನೋ ಭಾವನೆ ತಲೆಯಲ್ಲಿ ಕೂತಿತ್ತು. ಒಳಗಿನ ಲೆಕ್ಕವೇ ಬೇರೆ, ಚೀಟಿಯೇ ಬೇರೆ ಅಂದುಕೊಂಡಿದ್ದೆ.

ಈ ಥರದ ಫೈಲಿನಲ್ಲಿ ನಮ್ಮ ಟೂಲುಗಳ ಅವತಾರ ನೋಡಬೇಕು. ಈಗಾಗಲೇ ಪ್ರಕಟವಾದ ಬರಹಗಳ ಜೊತೆ ಎಷ್ಟು ಹೋಲುತ್ತದೆ ಅಂತ ಹೇಳುವ ಸಿಮಿಲಾರಿಟಿ ರಿಪೋರ್ಟ್ ತೆಗೆದರೆ ಮೊದಲ ಪುಟವೇ ಕೆಂಪು. ಏನಪ್ಪಾ ಅಂತ ನೋಡಿದರೆ ಸೂರಾ ಅಲ್-ಬಕರಾದ 275ನೇ ವಚನ. ವ್ಯಾಪಾರಕ್ಕೆ ಒಪ್ಪಿಗೆ, ಬಡ್ಡಿ ನಿಷಿದ್ಧ ಅನ್ನುವ ವಚನ ಅದು. ಈ ವಿಷಯದ ಮೇಲೆ ಬರೆಯುವವರೆಲ್ಲ ಅದನ್ನು ಉಲ್ಲೇಖಿಸುತ್ತಾರೆ, ಕೆಂಪಾಗದೆ ಇನ್ನೇನಾಗುತ್ತದೆ? ನಮ್ಮ ಟೀಮಿನ ಹೊಸ ಹುಡುಗ ಸ್ಕೋರ್ ಇಳಿಸಲು ಅದನ್ನೇ ಪ್ಯಾರಾಫ್ರೇಸ್ ಮಾಡಿಟ್ಟಿದ್ದ. ಸದ್ಯ, ಟ್ರ್ಯಾಕ್ ಚೇಂಜಸ್ ಆನ್ ಇತ್ತು. "ಇದು ಪ್ರಕಟವಾದ ಅನುವಾದದ ಸಾಲಪ್ಪ, ಕೋಟ್ ಹಾಕಿ ಹಾಗೇ ಬಿಡು" ಅಂದೆ. "ಸರ್, ಆದ್ರೆ 15 ಪರ್ಸೆಂಟ್ ಒಳಗೆ ತರ್ಬೇಕಲ್ಲ" ಅಂದ. ಅವನ ತಪ್ಪೂ ಅಲ್ಲ. ನಮ್ಮಲ್ಲಿ ಆ ನಂಬರ್ರೇ ಧರ್ಮಗ್ರಂಥ.

ಇನ್ನು ಕೋಡುಗಳು. ಮಾಮೂಲಿ ಎಕನಾಮಿಕ್ಸ್ ಪೇಪರಿಗೆ ಅದರ ವಿಷಯ ಯಾವುದು ಅಂತ ಹೇಳುವ ಜೆಇಎಲ್ ಕೋಡ್ ಹಾಕಿದರೆ ಮುಗಿಯಿತು. ಈ ಕ್ಷೇತ್ರದಲ್ಲಿ ಕೆಲವು ಕಡೆ ಜಿದ್ದಾದ ಕಿಂಗ್ ಅಬ್ದುಲ್ ಅಜೀಜ್ ಯೂನಿವರ್ಸಿಟಿಯವರು ಮಾಡಿದ ಬೇರೆ ವರ್ಗೀಕರಣದ ಕೋಡೂ ಕೇಳುತ್ತಾರೆ. ಹೆಸರುಗಳ ಮುಂದಿನ 'ಅಲ್' ಅನ್ನು ಅಕಾರಾದಿಯಲ್ಲಿ ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಅನ್ನುವುದು ಇನ್ನೊಂದು ಜಗಳ. ಇದೆಲ್ಲ ಹಸಿರು ಬಣ್ಣದ ಕೆಲಸ. ನಾನು ಇದರಲ್ಲೇ ದಿನಗಟ್ಟಲೆ ಮುಳುಗಿದ್ದೆ, ಅಚ್ಚುಕಟ್ಟಾಗಿ ಮಾಡಿದೆ ಕೂಡ.

ರಿವ್ಯೂವರ್ 1 ಪುಟಗಟ್ಟಲೆ ಬರೆದಿದ್ದ. ಬ್ಯಾಂಕ್ ಷೇರುಗಳನ್ನು ಹೊರಗಿಟ್ಟಿದ್ದಕ್ಕೇ ಈ ವ್ಯತ್ಯಾಸ ಬಂತೋ, ಶರಿಯಾ ಸ್ಕ್ರೀನಿಂಗಿಂದ ಬಂತೋ? ಸೆಕ್ಟರ್ ಕಂಟ್ರೋಲ್ ಎಲ್ಲಿ? ಮೇಡಂ ಅದಕ್ಕೆ ಹೊಸ ಟೇಬಲ್ ಕೊಟ್ಟಿದ್ದರು. ರಿವ್ಯೂವರ್ 2 ಬರೆದದ್ದು ಒಂದೂವರೆ ಸಾಲು. ಯಾವ ಮಾನದಂಡ, ಛೇದ (ಸಾಲವನ್ನು ಯಾವುದರಿಂದ ಭಾಗಿಸಿದ್ದು) ಯಾವುದು, ಯಾವ ತಾರೀಖಿನದ್ದು? ಫಿಕ್ಹ್ (ಇಸ್ಲಾಮಿನ ಧರ್ಮಶಾಸ್ತ್ರ) ಆಧಾರ ಸಮೇತ ತಿಳಿಸಿ. ಫಿಕ್ಹ್ ಅಂತ ಕಂಡ ತಕ್ಷಣ ನಾನು ನೀಲಿ ಹಚ್ಚಿದೆ. ಇದು ಮೌಲ್ವಿಗಳ ವಿಷಯ, ಮೇಡಂ ನೋಡಿಕೊಳ್ಳುತ್ತಾರೆ ಅಂತ. ಮೇಡಂ ಕೂಡ ರೆಸ್ಪಾನ್ಸ್ ಲೆಟರಿನಲ್ಲಿ ಅದಕ್ಕೆ ಒಂದು ಸಾಲು ಬರೆದು ಮುಗಿಸಿದ್ದರು: ಅಯೋಫಿ ಮಾನದಂಡವನ್ನು ಅನುಸರಿಸಿದ್ದೇವೆ. ಇಸ್ಲಾಮಿಕ್ ಹಣಕಾಸಿಗೆ ನಿಯಮ ಮಾಡುವ ಸಂಸ್ಥೆ ಅದು.

ಡೆಡ್‌ಲೈನ್ ಶುಕ್ರವಾರ ಇತ್ತು. ಸೌದಿಯಲ್ಲಿ ಶುಕ್ರವಾರ, ಶನಿವಾರ ರಜೆ. ನಮಗೆ ಶನಿವಾರ, ಭಾನುವಾರ. ಇಬ್ಬರೂ ಕೈಗೆ ಸಿಗುವುದು ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಇದನ್ನೆಲ್ಲ ನೋಡಿಯೇ ಪಿಎಂ ಗುರುವಾರ ಸಂಜೆ ಆರಕ್ಕೆ ಅಪ್‌ಲೋಡ್ ಅಂತ ಕಮಿಟ್ ಮಾಡಿದ್ದರು.

ಗುರುವಾರ ಮಧ್ಯಾಹ್ನ ನಾನು ಕೊನೇ ರೌಂಡ್ ಓದುತ್ತಿದ್ದೆ. ಆಥರ್ ಯಾರು ಅಂತ ಗೊತ್ತಾಗಬಾರದ ಬ್ಲೈಂಡ್ ಫೈಲಿನ ಪ್ರಾಪರ್ಟೀಸಲ್ಲಿ ಮೇಡಂ ಹೆಸರು ಹಾಗೇ ಇತ್ತು, ತೆಗೆದೆ. "ನಮ್ಮ ಹಿಂದಿನ ಲೇಖನದಲ್ಲಿ" ಅಂತ ಒಂದು ಕಡೆ ಇತ್ತು, ಸರಿ ಮಾಡಿದೆ. ಆಮೇಲೆ ಕನ್ಸಿಸ್ಟೆನ್ಸಿ ಚೆಕರ್ ಓಡಿಸಿದೆ. ಅದು ಒಂದು ಹಳೇ ದೂರು ಕೊಟ್ಟಿತು: ಒಂದು ಕಡೆ 30%, ಇನ್ನೊಂದು ಕಡೆ 33%, ಮತ್ತೊಂದು ಕಡೆ 33.33%. ಒಂದೇ ಥರ ಮಾಡಿ ಅಂತ. ಆ ಟೂಲಿಗೆ ಇಲ್ಲೇ ಒಂದು ನಮಸ್ಕಾರ. ಅದರ ಮಾತು ಕೇಳಿ ಎಲ್ಲವನ್ನೂ 33 ಮಾಡಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು. ಯಾಕೆ ಮೂರು ಥರ ಇದೆ ಅಂತ ನೋಡಲು ಮೆಥಡ್ಸ್ ಸೆಕ್ಷನ್‌ಗೆ ಹೋದೆ.

ಅವು ಬೇರೆ ಬೇರೆ ಸಂಸ್ಥೆಗಳ ನಿಯಮಗಳು. ಬಹ್ರೇನ್‌ನ ಅಯೋಫಿ ಪ್ರಕಾರ ಕಂಪನಿಯ ಬಡ್ಡಿ ಸಾಲ ಅದರ ಮಾರ್ಕೆಟ್ ಕ್ಯಾಪ್‌ನ (ಎಲ್ಲ ಷೇರುಗಳ ಒಟ್ಟು ಪೇಟೆ ಬೆಲೆಯ) 30% ದಾಟಬಾರದು. ಎಂಎಸ್‌ಸಿಐ ಇಸ್ಲಾಮಿಕ್ ಇಂಡೆಕ್ಸಿನವರು ಮಾರ್ಕೆಟ್ ಕ್ಯಾಪ್ ನೋಡುವುದಿಲ್ಲ. ಒಟ್ಟು ಆಸ್ತಿಯ 33.33% ಅನ್ನುತ್ತಾರೆ. ಮಲೇಷ್ಯಾದ ಸೆಕ್ಯುರಿಟೀಸ್ ಕಮಿಷನ್ ಕೂಡ ಒಟ್ಟು ಆಸ್ತಿ, 33%. ಎಸ್ ಅಂಡ್ ಪಿ ಶರಿಯಾ ಇಂಡೆಕ್ಸಿಗೆ 33%, ಆದರೆ ಛೇದ 36 ತಿಂಗಳ ಸರಾಸರಿ ಮಾರ್ಕೆಟ್ ಬೆಲೆ. ಮೂರನೇ ಒಂದು ಅನ್ನುವುದಕ್ಕೆ ಕೊಡುವ ಆಧಾರ ಉಯಿಲಿನ ಬಗ್ಗೆ ಬಂದ ಹದೀಸು (ಪ್ರವಾದಿಯವರ ವಚನ). ಆಸ್ತಿಯಲ್ಲಿ ಮೂರನೇ ಒಂದು ಭಾಗ ಕೊಡಬಹುದು, ಅದೂ ಜಾಸ್ತಿಯೇ ಅನ್ನುವ ಮಾತು ಅದರಲ್ಲಿದೆ. ಉಯಿಲಿನ ಮಾತನ್ನು ಸಾಲಕ್ಕೆ ಅನ್ವಯಿಸಬಹುದಾ ಅಂತ ವಿದ್ವಾಂಸರಲ್ಲೇ ವಾದ ಇದೆ. ಇಷ್ಟು ಓದುವಾಗಲೂ ನನಗೆ ಇದು ಧರ್ಮದ ವಿಷಯವಾಗಿಯೇ ಕಾಣುತ್ತಿತ್ತು.

ಸುಮ್ನೆ ಕುತೂಹಲಕ್ಕೆ ಒಂದು ಚೀಟಿಯಲ್ಲಿ ಲೆಕ್ಕ ಹಾಕಿದೆ. ಒಂದು ಕಂಪನಿ. ಒಟ್ಟು ಆಸ್ತಿ 1,000 ಕೋಟಿ, ಸಾಲ 280 ಕೋಟಿ, ಮಾರ್ಕೆಟ್ ಕ್ಯಾಪ್ 1,200 ಕೋಟಿ. ಆಸ್ತಿ ಲೆಕ್ಕದಲ್ಲಿ ಸಾಲ 28%, ಪಾಸ್. ಮಾರ್ಕೆಟ್ ಕ್ಯಾಪ್ ಲೆಕ್ಕದಲ್ಲಿ ಸುಮಾರು 23%, ಅಲ್ಲೂ ಪಾಸ್. ಈಗ ಷೇರು ಬಿತ್ತು, ಮಾರ್ಕೆಟ್ ಕ್ಯಾಪ್ 700 ಕೋಟಿ ಆಯಿತು. ಕಂಪನಿ ಒಂದು ರೂಪಾಯಿ ಹೊಸ ಸಾಲ ಮಾಡಿಲ್ಲ. ಆದರೂ 40%. ಅಯೋಫಿ ಲೆಕ್ಕದಲ್ಲಿ ಫೇಲ್, ಪಟ್ಟಿಯಿಂದ ಹೊರಗೆ.

ಪೆನ್ನು ಅಲ್ಲಿಗೇ ನಿಂತಿತು. ಬೆಲೆ ಬಿದ್ದದ್ದಕ್ಕೇ ಕಂಪನಿ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಹೋಗದೆ ಉಳಿದವು ಕಡಿಮೆ ಬಿದ್ದವು. ಆಮೇಲೆ ನಾವು ಆ ಪಟ್ಟಿ ಹಿಡಿದು, ನೋಡಿ, ಶರಿಯಾ ಷೇರುಗಳು ಕಡಿಮೆ ಬಿದ್ದಿವೆ ಅನ್ನುತ್ತೇವೆ. ಹಾಗಾದರೆ ಮೇಡಂ ಪಟ್ಟಿ ಯಾವ ತಾರೀಖಿನದ್ದು? ಟೇಬಲ್ ಕೆಳಗೆ ಚಿಕ್ಕ ಅಕ್ಷರದಲ್ಲಿತ್ತು: 31 ಮಾರ್ಚ್ 2020. ನಮ್ಮ ಕಂಪನಿಗಳ ಬ್ಯಾಲೆನ್ಸ್ ಶೀಟ್ ಮುಗಿಯುವುದೇ ಅವತ್ತು. ಸಾಲದ ಅಂಕಿ ಆ ದಿನದ್ದು, ಹಾಗಾಗಿ ಮಾರ್ಕೆಟ್ ಕ್ಯಾಪನ್ನೂ ಅದೇ ದಿನದ್ದು ತೆಗೆದುಕೊಂಡಿದ್ದಾರೆ. ಅಕೌಂಟ್ಸ್ ಓದಿದ ಯಾರಾದರೂ ಹಾಗೇ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಆದರೆ ಅದು 23ನೇ ತಾರೀಖಿನ ಕುಸಿತವಾಗಿ ಎಂಟು ದಿನ ಕಳೆದ ಮೇಲಿನ ಬೆಲೆ. ರಿವ್ಯೂವರ್ 2 ಒಂದೂವರೆ ಸಾಲಿನಲ್ಲಿ ಕೇಳಿದ್ದು ಇದನ್ನೇ.

ಟೀಮ್ ಲೀಡ್ ಹತ್ತಿರ ಹೋದೆ. ಆಕೆ ಸ್ಕ್ರೀನಿಂದ ಕಣ್ಣು ತೆಗೆಯದೆ, "ನೀಲಿ ತಾನೇ? ಬಿಡಿ. ನಾವು ಲ್ಯಾಂಗ್ವೇಜ್ ಎಡಿಟರ್ಸ್" ಅಂದರು. ತಪ್ಪು ಮಾತಲ್ಲ. ನಮ್ಮ ಆಫೀಸಿನ ನಿಯಮಪಟ್ಟಿ ಹೇಳುವುದೂ ಅದನ್ನೇ. ವಾಪಸ್ ಬಂದು ಸುಮ್ಮನೆ ಕೂತೆ. ನನ್ನ ಊಹೆಯೇ ತಪ್ಪಾಗಿದ್ದರೆ? ಪಿಎಚ್‌ಡಿ ಮಾಡಿದವರಿಗೆ ಬಿ.ಕಾಂ.ನವನು ಹೋಗಿ ನಿಮ್ಮ ಸ್ಯಾಂಪಲ್ ಸರಿಯಿಲ್ಲ ಅನ್ನುವುದಾ? ಆಥರಿಗೆ ಪ್ರಶ್ನೆ ಕೇಳುವ ಎಕ್ಯೂ ಶೀಟಿನಲ್ಲಿ ಮೆತ್ತಗೆ ಒಂದು ಪ್ರಶ್ನೆ ಹಾಕಿ ಕಳಿಸೋಣ ಅಂತ ಟೈಪ್ ಮಾಡಿದೆ, ಅಳಿಸಿದೆ. ಶೀಟ್ ಕಳಿಸಿದರೆ ಅವರು ನೋಡುವುದು ಭಾನುವಾರ. ಅಷ್ಟರಲ್ಲಿ ಫೈಲು ಪೋರ್ಟಲ್ ಒಳಗಿರುತ್ತದೆ.

ವಾಟ್ಸಾಪ್ ಕಾಲ್ ಮಾಡಿದೆ. ಕ್ಲೈಂಟಿಗೆ ನೇರ ಕಾಲ್ ಮಾಡುವುದು ನಮ್ಮಲ್ಲಿ ಎಸ್ಕಲೇಷನ್ ಆಗುವ ಅಪರಾಧ. ಮೇಡಂ ಕಾರಿನಲ್ಲಿದ್ದರು. ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. "ಮೇಡಂ, ಪಟ್ಟಿ ಮಾರ್ಚ್ 31ರದ್ದಲ್ವಾ? ಅಯೋಫಿ ಲೆಕ್ಕ ಅಂದ್ರೆ ಛೇದದಲ್ಲಿ ಕುಸಿದ ಬೆಲೆ ಬರ್ತದಲ್ವಾ?" ಅಂದೆ. ಆ ಕಡೆ ಮಾತಿಲ್ಲ. ಕಾಲ್ ಕಟ್ ಆಯಿತಾ ಅಂತ ಫೋನ್ ನೋಡಿದೆ. ಸೆಕೆಂಡುಗಳು ಓಡುತ್ತಿದ್ದವು. ಆಮೇಲೆ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು, ಕಾರು ಪಕ್ಕಕ್ಕೆ ಹಾಕಿದರು ಅನ್ನಿಸುತ್ತದೆ. "ಅಯ್ಯೋ ದೇವರೇ" ಅಂದರು. "ಸ್ಕ್ರೀನಿಂಗ್ ಮಾಡಿದ್ದು ರಿಸರ್ಚ್ ಅಸಿಸ್ಟೆಂಟ್ ಹುಡುಗ. ನಾನು ಪರ್ಸೆಂಟ್ ಮಾತ್ರ ನೋಡಿದ್ದು ಮಾರಾಯ್ರೆ. ತಾರೀಕು ನೋಡ್ಲೇ ಇಲ್ಲ."

ಈಗ ಅಪ್‌ಲೋಡ್ ಮಾಡುವುದಾ ಬೇಡವಾ? ಪಿಎಂ ಅಷ್ಟರಲ್ಲಿ ನನ್ನ ಕುರ್ಚಿ ಹಿಂದೆ ಬಂದು ನಿಂತಿದ್ದರು. ಅಪ್‌ಲೋಡ್ ಆಗದಿದ್ದರೆ ಡ್ಯಾಶ್‌ಬೋರ್ಡಲ್ಲಿ ಕೆಂಪು ಬೀಳುತ್ತದೆ, ಕ್ಲೈಂಟ್ ಹೋಗುತ್ತಾರೆ, ಜರ್ನಲ್ ಫೈಲು ಮುಚ್ಚುತ್ತದೆ ಅಂತ ಒಂದೇ ಉಸಿರಿಗೆ ಹೇಳಿದರು. ಮೇಡಂ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡು, "ನಾನೇ ಎಡಿಟರಿಗೆ ಬರೀತೇನೆ. ಟೈಮ್ ಕೇಳ್ತೇನೆ" ಅಂದರು. ಕಾರಿನಲ್ಲೇ ಕೂತು ಮೊಬೈಲಿನಿಂದ ಮೇಲ್ ಮಾಡಿದರು. ಉತ್ತರ ಬರುವ ತನಕ ಪಿಎಂ ನನ್ನ ಮೇಜಿನ ಸುತ್ತ ಓಡಾಡಿದ್ದೇ ಓಡಾಡಿದ್ದು. ಎಡಿಟರ್ ಉತ್ತರ ಎರಡು ವಾಕ್ಯ: ಆಗಲಿ. ಇನ್ನೊಂದು ತಿಂಗಳು ತೆಗೆದುಕೊಳ್ಳಿ. ಇಷ್ಟೇ! ಇಷ್ಟಕ್ಕೆ ನಾವು ವರ್ಷಗಟ್ಟಲೆ ಹೆದರಿಕೊಂಡು ಕೆಲಸ ಮಾಡುತ್ತಿದ್ದೇವೆ. ಎಕ್ಸ್‌ಟೆನ್ಷನ್ ಕೇಳಿ ನೋಡಿ ಅಂತ ನಮ್ಮಲ್ಲಿ ಯಾರೂ ಯಾವ ಕ್ಲೈಂಟಿಗೂ ಹೇಳುವುದಿಲ್ಲ, ಯಾಕೆಂದರೆ ಆ ತಿಂಗಳ ಬಿಲ್ಲು ಮುಂದಕ್ಕೆ ಹೋಗುತ್ತದೆ.

ಮೇಡಂ ಪಟ್ಟಿಯನ್ನು ಹೊಸದಾಗಿ ಮಾಡಿದರು. ಸಾಲ, ಮಾರ್ಕೆಟ್ ಕ್ಯಾಪ್ ಎರಡೂ 31 ಮಾರ್ಚ್ 2019ರದ್ದು. ಕುಸಿತ ಶುರುವಾಗುವ ಮೊದಲೇ ಪಟ್ಟಿ ಫಿಕ್ಸ್, ಆಮೇಲೆ ಯಾರನ್ನೂ ತೆಗೆಯುವ ಹಾಗಿಲ್ಲ. ಜೊತೆಗೆ ಒಟ್ಟು ಆಸ್ತಿ ಲೆಕ್ಕದ್ದೊಂದು, 36 ತಿಂಗಳ ಸರಾಸರಿಯದ್ದೊಂದು ಟೇಬಲ್. ಮೂರರಲ್ಲೂ ವ್ಯತ್ಯಾಸ ಉಳಿಯಿತು, ಆದರೆ ಮೊದಲಿನಷ್ಟು ದೊಡ್ಡದಲ್ಲ. ಐಟಿಯನ್ನು ಪಕ್ಕಕ್ಕಿಟ್ಟರೆ ಇನ್ನೂ ಸಣ್ಣದು. ಅಬ್‌ಸ್ಟ್ರ್ಯಾಕ್ಟಿನಿಂದ ಜೋರಿನ ಮಾತುಗಳು ಹೋದವು. ಛೇದ ಬದಲಾದರೆ ಪಟ್ಟಿ ಹೇಗೆ ಬದಲಾಗುತ್ತದೆ ಅನ್ನುವುದೇ ಪೇಪರಿನ ಮುಖ್ಯ ಭಾಗವಾಯಿತು. ನನಗೆ ಕೇಳಿದರೆ ಮೊದಲಿಗಿಂತ ಇದೇ ಒಳ್ಳೇ ಪೇಪರ್. ಫಿಕ್ಹ್ ಆಧಾರದ ಪ್ಯಾರಾ ಕೂಡ ಈ ಸಲ ಮೆಥಡ್ಸ್ ಒಳಗೇ ಬಂತು. ಅದು ಇರಬೇಕಾದ ಜಾಗವೂ ಅದೇ, ಯಾಕೆಂದರೆ ಯಾವ ಕಂಪನಿ ಸ್ಯಾಂಪಲ್ ಒಳಗೆ, ಯಾವುದು ಹೊರಗೆ ಅಂತ ಹೇಳುವುದೇ ಆ ನಿಯಮ. ಈಗ ಇಂಥ ಫೈಲ್ ಬಂದರೆ ನಾನು ಮೊದಲು ಟೇಬಲ್ ಕೆಳಗಿನ ಚಿಕ್ಕ ಅಕ್ಷರ ಓದುತ್ತೇನೆ. ಕಾಮಾ, ಫುಲ್‌ಸ್ಟಾಪ್ ಆಮೇಲೆ.

ಆಫೀಸಿನಲ್ಲಿ ಎಡವಟ್ಟಿಗೆ ಮೂಲ ಕಾರಣ ಏನು ಅಂತ ಬರೆಯುವ ಆರ್‌ಸಿಎ ಫಾರ್ಮ್ ತುಂಬಿಸಲು ಹೇಳಿದರು. ಕಾರಣದ ಡ್ರಾಪ್‌ಡೌನಿನಲ್ಲಿ ಇದ್ದದ್ದು ಗ್ರಾಮರ್, ಪಂಕ್ಚುಯೇಷನ್, ರೆಫರೆನ್ಸ್, ಫಾರ್ಮ್ಯಾಟಿಂಗ್. 'ಇತರೆ' ಅಂತ ಒಂದು ಇಲ್ಲ, ಖಾಲಿ ಬಿಟ್ಟರೆ ಸೇವ್ ಆಗುವುದಿಲ್ಲ. ಫಾರ್ಮ್ಯಾಟಿಂಗ್ ಒತ್ತಿದೆ. ಮುಂದಿನ ತಿಂಗಳ ರಿವ್ಯೂನಲ್ಲಿ ನಮ್ಮ ಟೀಮ್ ಫಾರ್ಮ್ಯಾಟಿಂಗ್‌ನಲ್ಲಿ ವೀಕ್ ಅಂತ ಬಂತು. ಅರೇಬಿಕ್ ಪದಗಳನ್ನು ಎಲ್ಲೆಲ್ಲಿ ಇಟಾಲಿಕ್ ಮಾಡಬೇಕು ಅಂತ ಎಲ್ಲರಿಗೂ ಅರ್ಧ ದಿನದ ಟ್ರೈನಿಂಗ್ ಇಟ್ಟರು, ಅಟೆಂಡೆನ್ಸ್ ಕಡ್ಡಾಯ.