ಹಳೆಯ ಬ್ಲಾಗ್ ಬರಹಗಳ ದುರಸ್ತಿ: ನಾಲ್ಕು ತಿಂಗಳಲ್ಲಿ ಎಲ್ಲಿಗೆ ಬಂತು

2008ರಿಂದ ಬರೆದ ಬ್ಲಾಗ್ ಪೋಸ್ಟುಗಳನ್ನು ಒಂದೊಂದಾಗಿ ತೆಗೆದು, ಓದಿ, ತಿದ್ದಿ, ಸಾದಾ ಪಠ್ಯದ ಫೈಲುಗಳಾಗಿ ಎತ್ತಿಡುವ ಕೆಲಸ ಶುರುವಾಗಿ ನಾಲ್ಕು ತಿಂಗಳಾಯಿತು. ಒಟ್ಟು 412 ಬರಹ, ಇವತ್ತಿಗೆ 263 ಮುಗಿದಿವೆ. ದಿನಕ್ಕೆ ಐದಾದರೂ ಆದೀತು ಅಂದುಕೊಂಡಿದ್ದೆ. ಎರಡು ಮುಗಿಯುವಷ್ಟರಲ್ಲಿ ರಾತ್ರಿ ಹನ್ನೊಂದಾಗಿರುತ್ತದೆ, ಯಾಕೆಂದರೆ ತಿದ್ದಲು ಕೂತವನು ಓದುತ್ತಾ ಕೂತುಬಿಡುತ್ತೇನೆ.

ಕೆಲಸಕ್ಕೆ ಕಾರಣ ಒಂದು ನಷ್ಟ. ನನ್ನ ಫೋಟೋಗಳನ್ನು ಇಟ್ಟಿದ್ದ ತಾಣವೊಂದು ಬಾಗಿಲು ಮುಚ್ಚಿತು. ಮೂರು ವರ್ಷದ ಬರಹಗಳಲ್ಲಿ ಚಿತ್ರ ಇದ್ದ ಕಡೆಯೆಲ್ಲ ಖಾಲಿ ಚೌಕ ಉಳಿಯಿತು. ಕೆಲವು ಮೂಲ ಫೋಟೋ ಹಳೆಯ ಡಿಸ್ಕಿನಲ್ಲಿ ಸಿಕ್ಕವು, ಹೆಚ್ಚಿನವು ಸಿಗಲಿಲ್ಲ. ಪಠ್ಯಕ್ಕೂ ಹೀಗೇ ಆದರೆ ಎಂಬ ಭಯ ಅವತ್ತು ಹುಟ್ಟಿದ್ದು. ಈಗ ಪ್ರತಿ ಬರಹಕ್ಕೂ ಒಂದು ಫೈಲು, ಫೈಲಿನ ಹೆಸರೇ ಬರೆದ ತಾರೀಕು, ಒಳಗೆ ಮಾರ್ಕ್‌ಡೌನ್. 2004ರಲ್ಲಿ ಜಾನ್ ಗ್ರೂಬರ್ ಹೊರತಂದ ಶೀರ್ಷಿಕೆ, ಕೊಂಡಿ ಮುಂತಾದವನ್ನು ಸಾದಾ ಚಿಹ್ನೆಗಳಿಂದ ಗುರುತಿಸುವ ಈ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಒಂದೇ ಗುಣ: ಯಾವ ತಂತ್ರಾಂಶವೂ ಇಲ್ಲದೆ ಬರೀ ಕಣ್ಣಿನಿಂದ ಓದಬಹುದು.

ಮೊದಲ ತಿಂಗಳು ಪೂರ್ತಿ ಅಕ್ಷರಗಳಿಗೇ ಹೋಯಿತು. ‘ಸಂಜೆ’ ಅಂತ ಹುಡುಕಿದರೆ ಹನ್ನೊಂದು ಬರಹ ಬಂದವು. ಅಷ್ಟೇ ಇರಲು ಸಾಧ್ಯವಿಲ್ಲ ಅನ್ನಿಸಿ ಕೈಯಾರೆ ನೋಡಿದರೆ ಇನ್ನೂ ಹತ್ತೊಂಬತ್ತು ಕಡೆ ಸಂಜೆಯಾಗಿದೆ. ಆದರೆ ಅದು ‘ಸ೦ಜೆ’. ಅನುಸ್ವಾರ ಇರಬೇಕಾದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿದೆ. ಕಣ್ಣಿಗೆ ಎರಡೂ ಒಂದೇ, ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ಗೆ ಎರಡೂ ಬೇರೆ. ಆರಂಭದ ದಿನಗಳಲ್ಲಿ ಕೀಲಿಮಣೆಯಲ್ಲಿ ಯಾವ ಸೊನ್ನೆ ಕೈಗೆ ಸಿಕ್ಕಿತೋ ಅದನ್ನು ಒತ್ತಿದ್ದೇನೆ. ಅಂಕಿಗಳ ನಡುವೆ ಬರುವ ನಿಜವಾದ ಸೊನ್ನೆಯನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಬದಲಿಸಿದೆ. ‘ರಾಜ್‌ಕುಮಾರ’ದಂಥ ಪದಗಳಲ್ಲಿ ಒತ್ತು ಬರದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದಿದೆಯಲ್ಲ, ಅದೂ ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ಹುಡುಕಾಟ ಅಲ್ಲೂ ತಪ್ಪುತ್ತಿತ್ತು.

ಬ್ಲಾಗ್ ಶುರು ಮಾಡುವ ಮುಂಚೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ಆಮೇಲೆ ಏರಿಸಿದ್ದ ಒಂಬತ್ತು ಬರಹ ಇದಕ್ಕಿಂತ ಕಷ್ಟ ಕೊಟ್ಟವು. ಆ ಫಾಂಟುಗಳಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲೇ, ಅಂದರೆ ವ್ಯಂಜನದ ನಂತರವೇ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ, ರಕಾರ ಮೊದಲು. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಹುಪಾಲು ಸರಿಯಾಗಿ ಜರುಗಿಸಿತ್ತು. ತಪ್ಪಿದ ಕಡೆಗಳನ್ನು ಸಾಲು ಸಾಲಾಗಿ ಓದಿಯೇ ಹಿಡಿಯಬೇಕಾಯಿತು. ಬೇಸರದ ಕೆಲಸ ಅಂತ ಬೇರೆಯವರಿಗೆ ಅನ್ನಿಸಬಹುದು. ನನಗೆ ಒಂದು ಪದ ಸರಿಯಾಗಿ ಕೂತಾಗಲೆಲ್ಲ ಖುಷಿಯಾಗುತ್ತಿತ್ತು.

ಎರಡನೇ ತಿಂಗಳಿಂದ ಕೊಂಡಿಗಳು. ಇಷ್ಟು ವರ್ಷ ಬ್ಲಾಗ್ ಬರೆದದ್ದರ ಬಗ್ಗೆ ನಾನು ನಿಜವಾಗಿ ಕಲಿತದ್ದು ಇಲ್ಲೇ.

ಮುಗಿದ ಬರಹಗಳಲ್ಲಿ ಸುಮಾರು 1,140 ಕೊಂಡಿಗಳಿದ್ದವು, ಅರ್ಧಕ್ಕಿಂತ ಹೆಚ್ಚು ಸತ್ತಿವೆ. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2013ರ ವೆಬ್ ಪುಟಗಳ ಪೈಕಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ ಅಂತಿದೆ. ನನ್ನ ಲೆಕ್ಕ ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ನಾನು ಹೆಚ್ಚಾಗಿ ಕೊಂಡಿ ಕೊಟ್ಟದ್ದು ನನ್ನಂಥದ್ದೇ ಸಣ್ಣ ಬ್ಲಾಗುಗಳಿಗೆ. ಅವನ್ನು ಬರೆಯುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದ್ದಾರೆ. ಹಳೆಯ ವೆಬ್ ಪುಟಗಳ ಪ್ರತಿ ಎತ್ತಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಒಂದಷ್ಟು ಸಿಕ್ಕವು, ಆ ಪ್ರತಿಗಳ ವಿಳಾಸವನ್ನೇ ಹಾಕುತ್ತಿದ್ದೇನೆ.

ನನ್ನಲ್ಲಿ 31 ಬರಹಗಳು ಬರೀ ‘ಇದನ್ನು ಓದಿ, ತುಂಬ ಚೆನ್ನಾಗಿದೆ’ ಎಂಬ ಜಾತಿಯವು. 1997ರಲ್ಲಿ ಜಾರ್ನ್ ಬಾರ್ಗರ್ ‘ವೆಬ್‌ಲಾಗ್’ ಎಂಬ ಪದ ಬಳಕೆಗೆ ತಂದಾಗ ಅವರು ಮಾಡುತ್ತಿದ್ದದ್ದೂ ಇದನ್ನೇ, ತಾವು ಕಂಡ ಪುಟಗಳನ್ನು ದಿನದಿನ ಪಟ್ಟಿ ಮಾಡುವುದು. ಹಾಗಾಗಿ ಆ ರೂಪವನ್ನು ತೆಗಳುವ ಮನಸ್ಸಿಲ್ಲ. ಆದರೆ ಕೊಂಡಿ ಸತ್ತಮೇಲೆ ನನ್ನ ಆ 31ರಲ್ಲಿ ಏನೂ ಉಳಿದಿಲ್ಲ. ಏನನ್ನು ಮೆಚ್ಚಿದ್ದೆ ಎಂಬುದು ನನಗೇ ನೆನಪಿಲ್ಲ.

2012ರ ಜೂನ್ 6ರ ಶುಕ್ರ ಸಂಕ್ರಮಣದ (ಶುಕ್ರ ಗ್ರಹ ಸೂರ್ಯನ ಮುಂದೆ ಚುಕ್ಕೆಯಾಗಿ ಹಾದುಹೋಗುವುದು) ಬಗ್ಗೆ ಆ ವಾರ ಎರಡು ಬರಹ ಹಾಕಿದ್ದೆ. ಒಂದರಲ್ಲಿ ಯಾರೋ ತೆಗೆದ ಅದ್ಭುತ ಚಿತ್ರಗಳಿಗೆ ಕೊಂಡಿ, ಜತೆಗೆ ನಾಲ್ಕು ಉದ್ಗಾರ. ಇನ್ನೊಂದು ನಾನೇ ನೋಡಿದ್ದರ ಟಿಪ್ಪಣಿ. ಬೈನಾಕ್ಯುಲರಿನ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಸೂರ್ಯನ ಬಿಂಬವನ್ನು ರಟ್ಟಿನ ಮೇಲೆ ಬೀಳಿಸಿದ್ದು. ಬಿಂಬ ಹತ್ತು ಸೆಂಟಿಮೀಟರ್ ಅಗಲ, ಅದರಲ್ಲಿ ಶುಕ್ರ ಮೂರು ಮಿಲಿಮೀಟರ್ ಚುಕ್ಕೆ. ರಟ್ಟು ಹಿಡಿದ ಕೈ ನಡುಗಿ ಚುಕ್ಕೆಯೂ ನಡುಗುತ್ತಿತ್ತು. ನಡುವೆ ಮೋಡ, ಇಪ್ಪತ್ತು ನಿಮಿಷ ಕಾಯುವಿಕೆ, ಮತ್ತೆ ಬಿಸಿಲು ಬಂದಾಗ ಚುಕ್ಕೆ ಅಂಚಿನ ಕಡೆ ಸರಿದಿತ್ತು. ಮೊದಲನೆಯದು ಜಾಣತನದ ಬರಹ ಅಂತ ಆಗ ಅನ್ನಿಸಿತ್ತು, ಎರಡನೆಯದನ್ನು ಹಾಕಲು ಸಂಕೋಚಪಟ್ಟಿದ್ದೆ. ಇವತ್ತು ಮೊದಲನೆಯದು ಖಾಲಿ. ಎರಡನೆಯದನ್ನು ಓದಿದರೆ ಆ ಬೆಳಗು ಪೂರ್ತಿ ಎದುರಿಗೆ ನಿಲ್ಲುತ್ತದೆ.

ಆ ಎರಡನೇ ಬರಹದಲ್ಲೊಂದು ತಪ್ಪೂ ಇದೆ. ಮುಂದಿನ ಸಂಕ್ರಮಣ 2125ರಲ್ಲಿ ಅಂತ ಬರೆದಿದ್ದೇನೆ. ಮುಂದಿನದು 2117ರ ಡಿಸೆಂಬರಿನಲ್ಲಿ, 2125ರದ್ದು ಎಂಟು ವರ್ಷದ ನಂತರ ಬರುವ ಅದರ ಜೋಡಿ. ಇಂಥದ್ದನ್ನು ಏನು ಮಾಡುವುದು ಅಂತ ಎರಡು ದಿನ ಯೋಚಿಸಿದೆ. ಕಾಗುಣಿತದ ತಪ್ಪನ್ನು ಸುಮ್ಮನೆ ತಿದ್ದುತ್ತೇನೆ. ಸಂಗತಿಯ ತಪ್ಪನ್ನು ಹಾಗೇ ಬಿಟ್ಟು ಕೆಳಗೆ ತಾರೀಕು ಹಾಕಿ ಸರಿಯಾದದ್ದನ್ನು ಬರೆಯುತ್ತೇನೆ. ಅಭಿಪ್ರಾಯಗಳನ್ನು ಮುಟ್ಟುವುದೇ ಇಲ್ಲ. ಕೆಲವನ್ನು ಓದುವಾಗ ನೋವಾಗುತ್ತದೆ, ಒಂದೆರಡು ಕಡೆ ಅಷ್ಟು ಒರಟಾಗಿ ಬರೆಯಬಾರದಿತ್ತು. ಆದರೂ ಅವತ್ತು ಹಾಗೆ ಯೋಚಿಸಿದ್ದವನು ನಾನೇ.

2015ರ ಕೊನೆಯಿಂದ ಹದಿನಾಲ್ಕು ತಿಂಗಳು ಒಂದೂ ಬರಹವಿಲ್ಲ. ಆ ಕಾಲದ್ದು ಅಂತ ಅರ್ಧಕ್ಕೆ ಬಿಟ್ಟ ಕರಡುಗಳು ಬೇಕಾದಷ್ಟು ಸಿಕ್ಕಿವೆ, ಎಲ್ಲವೂ ದೊಡ್ಡ ವಿಷಯಗಳ ಮೇಲೆ ದೊಡ್ಡ ಲೇಖನ ಬರೆಯಲು ಹೊರಟವು. ಒಂದನ್ನೂ ಈಗ ಮುಗಿಸುವುದಿಲ್ಲ. ಬೇರೆ ಫೋಲ್ಡರಿಗೆ ಹಾಕಿದೆ.

ಹೊಸದಾಗಿ ಬರೆಯುವ ರೀತಿಯೂ ಬದಲಾಗಿದೆ. ಕಳೆದ ವಾರ ಒಂದು ಒಳ್ಳೆಯ ಲೇಖನ ಓದಿ, ಅದರಲ್ಲಿ ಏನಿತ್ತು, ನನಗೆ ಯಾವುದು ಹೊಸದು ಎಂಬುದನ್ನು ಮೊದಲು ನನ್ನ ಮಾತಿನಲ್ಲಿ ಎರಡು ಪ್ಯಾರಾ ಬರೆದು, ಕೊಂಡಿಯನ್ನು ಕೊನೆಗೆ ಹಾಕಿದೆ. ಅರ್ಧ ಗಂಟೆಯ ಕೆಲಸ ಎರಡು ಗಂಟೆ ಹಿಡಿಯಿತು. ಬರೆಯುತ್ತಾ ಹೋದಂತೆ ಆ ಲೇಖನದ ಒಂದು ಭಾಗ ನನಗೆ ಅರ್ಥವೇ ಆಗಿರಲಿಲ್ಲ ಅಂತ ಗೊತ್ತಾಗಿ ಮತ್ತೆ ಓದಿದೆ.

ಉಳಿದದ್ದು 149. ಪ್ರತಿ ಭಾನುವಾರ ಎರಡು ಬೇರೆ ಬೇರೆ ಡಿಸ್ಕಿಗೆ ಬ್ಯಾಕಪ್ ಹೋಗುತ್ತಿದೆ, ಒಮ್ಮೆ ಅದರಿಂದ ಎಲ್ಲವನ್ನೂ ವಾಪಸ್ ತೆಗೆದು ತೆರೆಯುತ್ತದೆಯೇ ಎಂದೂ ನೋಡಿದ್ದಾಯಿತು. ನಾಳೆಯಿಂದ 2018ರ ಫೋಲ್ಡರ್. ಅದರ ಮೊದಲ ಬರಹ ಬರೀ ಒಂದು ಕೊಂಡಿ. ಇನ್ನೂ ಒತ್ತಿ ನೋಡಿಲ್ಲ.