ಜಾಮೀನು ಸಿಕ್ಕಿದೆ, ಬಿಡುಗಡೆ ಆಗಿಲ್ಲ

ಜಾಮೀನು ಸಿಕ್ಕ ಮೇಲೂ ಜೈಲಲ್ಲೇ ಉಳಿದವರಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಕಾಲೇಜಿನ ಕಾನೂನು ನೆರವು ಘಟಕಕ್ಕೆ ಸೇರಿದ ಮೇಲೆ. ಕೋರ್ಟು ಶ್ಯೂರಿಟಿ ಕೇಳುತ್ತದೆ. ಅಂದರೆ ಪಹಣಿ, ಆಧಾರ್, ಫೋಟೋ ಹಿಡಿದು ಜಡ್ಜ್ ಮುಂದೆ ಬಂದು ನಿಲ್ಲುವವರು ಬೇಕು. ಬಿಹಾರದಿಂದ ಗಾರೆ ಕೆಲಸಕ್ಕೆ ಬಂದ ಹುಡುಗನಿಗೆ ಇಲ್ಲಿ ಪಹಣಿ ಇರುವ ನೆಂಟರು ಎಲ್ಲಿಂದ ಬರಬೇಕು ಹೇಳಿ?

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ತೋರಿಸಿದೆ. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಉಚಿತ ವಕೀಲರನ್ನು ಒದಗಿಸುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಜಾಮೀನಿನ ಬಾಂಡ್ (ಮುಚ್ಚಳಿಕೆ) ಕೊಡಲು ಆಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟು ತಾನಾಗಿಯೇ ಯೋಚಿಸಬಹುದು. ಆದರೆ ಯಾರಾದರೂ ಬೆನ್ನು ಹತ್ತಬೇಕಲ್ವಾ? ವಾದ ಮಾಡೋಕೆ ವಕೀಲಿ ಸನ್ನದು ಬೇಕು ನಿಜ, ಆದರೆ ಕೇಸ್ ನಂಬರ್, ಬಂಧನದ ತಾರೀಖು, ಊರಿನ ಮನೆಯವರ ಫೋನ್ ನಂಬರ್ ಬರೆದುಕೊಂಡು ಬಂದು ವಕೀಲರ ಕೈಗೆ ಕೊಡೋಕೆ ವಿದ್ಯಾರ್ಥಿಗಳೇ ಸಾಕು.

ಉಚಿತ ವಕೀಲರು ಅಂದರೆ ಜನಕ್ಕೆ ಸ್ವಲ್ಪ ಅಸಡ್ಡೆ, ಅದು ನನಗೆ ತುಂಬಾ ಬೇಜಾರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು, ಆದಾಯ ಎಷ್ಟೇ ಇರಲಿ, ಈ ನೆರವು ಪಡೆಯಬಹುದು. ಯಾರಿಗಾದರೂ ಬೇಕಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಲು ಹೇಳಿ.